ಅಳಿಸಿಹೋದ ಅತ್ತೆಯ ಸೆರಗು

ಗೋಂದು ಹಚ್ಚಿ ಫೋಟೋ ಅಂಟಿಸುವುದರಲ್ಲಿ ಒಂದು ನೆಮ್ಮದಿಯಿತ್ತು. ಹೆಚ್ಚೆಂದರೆ ಬೆರಳು ಅಂಟಂಟಾಗುತ್ತಿತ್ತು, ಫೋಟೋ ಸೊಟ್ಟಗೆ ಕೂಡುತ್ತಿತ್ತು. ಅದನ್ನು ಬಿಟ್ಟು ಕಂಪ್ಯೂಟರಿನಲ್ಲಿ ಆಲ್ಬಮ್ ಮಾಡುವ ಹುಚ್ಚು ನನಗೆ ಯಾಕೆ ಹತ್ತಿತೋ! ಗೋಕಾಕದಲ್ಲಿ ಆಗ ಓಣಿಗೊಂದು ಕಂಪ್ಯೂಟರ್ ಕ್ಲಾಸ್ ಎದ್ದಿತ್ತು. ನಾನೂ ಒಂದಕ್ಕೆ ಸೇರಿದೆ. ಅಷ್ಟಕ್ಕೇ ಸುಮ್ಮನಿರದೆ, ಮೂಡಲಗಿಯಲ್ಲಿರುವ ಅತ್ತೆ-ಮಾವನ ಮದುವೆಯ ಐವತ್ತನೇ ವರ್ಷಕ್ಕೆ ಹೂವಿನ ಅಂಚು, ರಿಬ್ಬನ್ನು ಎಲ್ಲ ಇರುವ ಆಲ್ಬಮ್ ನಾನೇ ಮಾಡಿಕೊಡುತ್ತೇನೆಂದು ನಾಲ್ಕು ಮಂದಿಯ ಎದುರು ಹೇಳಿ ಬಂದೆ.

ಅವರ ಮದುವೆಯದೆಂದು ಇದ್ದದ್ದು ಒಂದೇ ಕಪ್ಪು-ಬಿಳುಪು ಫೋಟೋ. ಅದನ್ನು ಕಂಪ್ಯೂಟರಿಗೆ ಇಳಿಸಿಕೊಂಡೆ. ಕ್ಲಾಸಿನ ಸರ್ ಮಂತ್ರದಂಡದಂಥದೊಂದು ಗುರುತು ತೋರಿಸಿ, "ಇದರಿಂದ ಗ್ವಾಡಿ ಮ್ಯಾಲೆ ಒಮ್ಮಿ ಒತ್ತಿ ಡಿಲೀಟ್ ಮಾಡ್ರಿ ಅಕ್ಕಾರ, ಹಿಂದಿಂದೆಲ್ಲಾ ತಾನ ಹೋಗತೈತಿ" ಎಂದರು. ಒತ್ತಿದೆ, ಗೋಡೆ ಹೋಯಿತು. ಆ ಖುಷಿಯಲ್ಲಿ ಹಿಂದೆ ಗುಲಾಬಿ ತೋಟ ಕೂಡಿಸಿ, ಮೊದಲಿನದರ ಮೇಲೆಯೇ ಸೇವ್ ಮಾಡಿ, ಮೂಲ ಫೋಟೋ ಜೋಪಾನವಾಗಿ ಅತ್ತೆಗೆ ಕಳಿಸಿಬಿಟ್ಟೆ. ಪ್ರಿಂಟ್ ಕೈಗೆ ಬಂದಾಗ ನೋಡುತ್ತೇನೆ, ಅತ್ತೆಯ ತಲೆಯ ಮೇಲೆ ಸೆರಗೇ ಇಲ್ಲ! ತಿಳಿ ಬಣ್ಣದ ಸೀರೆ, ಬಿಳಿ ಗೋಡೆ; ಕಂಪ್ಯೂಟರಿಗೆ ಎರಡೂ ಒಂದೇ. ಮಾವನ ಅಣ್ಣ, ಕೌಜಲಗಿಯ ದೊಡ್ಡಮಾವನವರ ಎದುರು ಜನ್ಮದಲ್ಲಿ ಬರಿದಲೆಯಲ್ಲಿ ನಿಲ್ಲದ ಹೆಂಗಸು ಅವರು. ಆ ದೊಡ್ಡಮಾವನವರೇ ಕಾರ್ಯಕ್ರಮದಲ್ಲಿ ಎಲ್ಲರೆದುರು ಆಲ್ಬಮ್ ಬಿಚ್ಚುವವರಿದ್ದರು. ನನಗೆ ಅನ್ನ ಸೇರದಾಯಿತು.

"ಅಳಿಸಿದ್ದು ತಿರುಗಿ ಬರೂದಿಲ್ರಿ. ಬ್ಯಾರೆ ಫೋಟೋದಾಗಿನ ಸೆರಗ ಕತ್ತರಿಸಿ ತಂದು ಹೊಚ್ಚರಿ" ಎಂದರು ಸರ್. ಅತ್ತೆಯ ಮೂಲ ಫೋಟೋ ಮತ್ತೆ ಕೇಳಿದರೆ ಗುಟ್ಟು ರಟ್ಟಾದೀತೆಂದು ನನ್ನ ಮದುವೆ ಫೋಟೋದಿಂದಲೇ ಸೆರಗು ಕತ್ತರಿಸಿ, ಬಣ್ಣ ತೆಗೆದು, ಅತ್ತೆಯ ತಲೆಗೆ ಕೂಡಿಸಲು ಹೊರಟೆ. ಹಿಗ್ಗಿಸಿದರೆ ಗಾಳಿಗೆ ಹಾರಿದಂತಿತ್ತು, ಕುಗ್ಗಿಸಿದರೆ ಮುಂಡಾಸು. ನನ್ನನ್ನು ಕರೆದೊಯ್ಯಲು ಕ್ಲಾಸಿಗೆ ಬಂದು ಹಿಂದೆ ನಿಂತಿದ್ದ ನಮ್ಮವರು, "ನಮ್ಮವ್ವ ಕುಸ್ತಿ ಪೈಲ್ವಾನನಂಗ ಕಾಣಾಕತ್ತಾಳಲ್ಲ!" ಎಂದರು. ಇವರ ಬಾಯಿಗಿಷ್ಟು! ನಾನು ಅಳುವುದೊಂದು ಬಾಕಿ. ಅಂತೂ ಸರ್ ಕೈಹಿಡಿದು ಕಲಿಸಿ, ಒಡೆದು ಕಾಣುತ್ತಿದ್ದ ಅಂಚು ಮೆತ್ತಗೆ ಮಾಡಿಸಿ, ಮತ್ತೊಂದು ಪ್ರಿಂಟ್ ತೆಗೆಸಿದರು. ಅದನ್ನು ಮೊದಲ ಪುಟಕ್ಕಿಟ್ಟು, ಅದರ ಹಿಂದೆ ಮನೆ ಮಂದಿಯ ಈಚಿನ ಫೋಟೋಗಳನ್ನು ಏನೂ ತಿದ್ದದೆ ಸೇರಿಸಿದೆ.

ಕಾರ್ಯಕ್ರಮದ ಬೆಳಿಗ್ಗೆ ಮೂಡಲಗಿ ಬಸ್ಸಿನಲ್ಲಿ ದಾರಿಯುದ್ದಕ್ಕೂ ದೇವರನ್ನು ನೆನೆದೆ. ದೊಡ್ಡಮಾವನವರು ಬರುವ ಮೊದಲೇ ಅತ್ತೆ ಅಡುಗೆಮನೆಯಲ್ಲಿ ಆಲ್ಬಮ್ ಬಿಚ್ಚಿ, ಕನ್ನಡಕ ಏರಿಸಿ, ಬಹಳ ಹೊತ್ತು ನೋಡಿದರು.

"ಈ ಜರಿ ಅಂಚಿನ ಸೀರಿ ನಿನಗ ನಾನ ತಂದದ್ದಲ್ಲೇನ?"

ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟೆ. ಅತ್ತೆ ಬಾಯಿಗೆ ಸೆರಗು ಹಿಡಿದು ನಕ್ಕರು.

"ಚಲೋ ಹೊಚ್ಚೀ ತಗೋ, ನಂಗೇನೂ ಸಿಟ್ಟಿಲ್ಲ. ಆದ್ರ ಮುಂದಿನ ಪುಟ ನೋಡವ್ವಾ, ಮನಿ ಮಂದಿ ಫೋಟೋದಾಗ ಎಲ್ಲಾರ ನಡುವ ನೀ ಬರೇ ತಲೀಲೆ ನಿಂತೀ. ದೊಡ್ಡವರು ಬರೂದರಾಗ ನಿಂಗೂ ಒಂದು ಹೊಚ್ಕೋ."

ಕಂಪ್ಯೂಟರು ಗೋಕಾಕದಲ್ಲಿತ್ತು. ಅಂಗಳದಲ್ಲಿ ಕೌಜಲಗಿಯ ಜೀಪು ಬಂದು ನಿಂತ ಸದ್ದಾಯಿತು. ಆಲ್ಬಮನ್ನು ಎದೆಗವಚಿಕೊಂಡು, ಇನ್ನೊಂದು ಕೈಯಿಂದ ಉಟ್ಟ ಸೀರೆಯ ಸೆರಗನ್ನೇ ತಲೆಯ ಮೇಲೆ ಎಳೆದುಕೊಂಡೆ. ಒಂದೇ ಏಟಿಗೆ ಕೂತಿತು. ಅಂಚು ಎಲ್ಲಿಯೂ ಒಡೆಯಲಿಲ್ಲ.