ಚಪ್ಪಲಿ ನೋಡುವ ಭಾವ, ಸುಳ್ಳು ಹೇಳುವ ಬ್ರೌಸರು

ನಮ್ಮ ಭಾವನಿಗೆ ಸುಳ್ಳು ಹೇಳಲು ಬರುವುದಿಲ್ಲ. ಇದನ್ನು ಸದ್ಗುಣವೆಂದು ಹೊಗಳುವವರು ಯಾರೂ ಅವರನ್ನು ಕರೆದುಕೊಂಡು ಹೆಣ್ಣು ನೋಡಲು ಹೋದವರಲ್ಲ! ನಾನು ಹೋಗಿದ್ದೆ. "ಹುಡುಗ ಹೇಗೆ?" ಎಂದು ಹೆಣ್ಣಿನ ತಂದೆ ಕೇಳಿದ್ದೇ ತಡ, ನನ್ನ ಅಕ್ಕನ ಗಂಡನಾದ ಈ ಮಹಾನುಭಾವರು ಉಪ್ಪಿಟ್ಟು ನುಂಗಿಕೊಂಡು, "ಒಳ್ಳೇ ಹುಡುಗ್ನೇ ಕಣ್ರೀ. ಆದ್ರೆ ಇವ್ನು ಗೊರಕೆ ಹೊಡೆದ್ರೆ ನಮ್ಮ ಮಗ್ಗದ ಸದ್ದೇ ಕೇಳ್ಸಲ್ಲ" ಎಂದುಬಿಟ್ಟರು. ಆ ಸಂಬಂಧ ಉಪ್ಪಿಟ್ಟಿಗೇ ಮುಗಿಯಿತು.

ದೊಡ್ಡಬಳ್ಳಾಪುರದಲ್ಲಿ ಅವರದು ನಾಲ್ಕು ಪವರ್‌ಲೂಮು, ಮನೆಯ ಮುಂದಿನ ಕೋಣೆಯಲ್ಲೇ ಸೀರೆ ವ್ಯಾಪಾರ. ಗಿರಾಕಿ ಬಾಗಿಲಲ್ಲಿ ಬಿಟ್ಟ ಚಪ್ಪಲಿ ನೋಡಿ ಯಾವ ಸೀರೆ ಬಿಚ್ಚಬೇಕೆಂದು ತೀರ್ಮಾನಿಸುತ್ತಿದ್ದರು. "ಮುಖ ಸುಳ್ಳು ಹೇಳ್ತದೆ, ಚಪ್ಪಲಿ ಹೇಳಲ್ಲ ಕಣೋ ಭಾಮೈದ!" ಒಮ್ಮೆ ಸವೆದ ಹವಾಯಿ ಚಪ್ಪಲಿಯವರೊಬ್ಬರಿಗೆ ಅರ್ಧ ಗಂಟೆ ಬರೀ ದಿನಬಳಕೆಯ ಸೀರೆ ತೋರಿಸಿದರು. ಆತ ಅನುಗೊಂಡನಹಳ್ಳಿ ಕಡೆಯ ದೊಡ್ಡ ಕುಳ, ಮಗಳ ಮದುವೆಗೆ ಜವಳಿ ತೆಗೆಯಲು ಬಂದವರು. ಅವರ ಹೊಸ ಚಪ್ಪಲಿಯನ್ನು ದೇವಸ್ಥಾನದಲ್ಲಿ ಯಾರೋ ಹಾಕಿಕೊಂಡು ಹೋಗಿದ್ದರಂತೆ! ಭಾವ ಸೋಲಲಿಲ್ಲ. "ಚಪ್ಪಲಿ ಸುಳ್ಳು ಹೇಳ್ಲಿಲ್ವಲ್ಲ. ಅದು ಅವರ್ದೇ ಅಲ್ಲ, ಅಷ್ಟೇ."

ಇಂಥವರ ಕೈಗೆ ತೊಂಬತ್ತರ ದಶಕದ ಕೊನೆಯಲ್ಲಿ ಇಂಟರ್‌ನೆಟ್ ಸಿಕ್ಕರೆ ಏನಾಗಬೇಡ? ಸೀರೆಗಳ ಫೋಟೋ ಹಾಕಿ ವೆಬ್‌ಸೈಟು ಮಾಡಿ, ಬೆಂಗಳೂರಿನ ಒಂದು ಸರ್ವರಿನಲ್ಲಿ ಇಟ್ಟರು. ಪುಸ್ತಕ ನೋಡಿಕೊಂಡು ಪ್ರೋಗ್ರಾಂ ಕೂಡ ತಾವೇ ಬರೆದರು. ಪುಟ ಕೇಳಲು ಬರುವ ಪ್ರತಿ ಬ್ರೌಸರೂ ತನ್ನ ಹೆಸರನ್ನು, ಸಾಮಾನ್ಯವಾಗಿ ಆಪರೇಟಿಂಗ್ ಸಿಸ್ಟಮ್ಮಿನ ಹೆಸರನ್ನೂ, ಒಂದು ಸಾಲಿನಲ್ಲಿ ಸರ್ವರಿಗೆ ಹೇಳುತ್ತದೆಂದು ಓದಿದ ದಿನ ಭಾವ ಕುಣಿದಾಡಿದರು.

"ಚಪ್ಪಲಿ ಕಣೋ ಇದು! ಬಾಗಿಲಲ್ಲೇ ಬಿಟ್ಟಿರೋ ಚಪ್ಪಲಿ!"

ಸರಿ, ದುಬಾರಿ ಮ್ಯಾಕ್ ಕಂಪ್ಯೂಟರಿನಿಂದ ಬಂದವರಿಗೆ ಅಗಲ ಜರಿಯಂಚಿನ ರೇಷ್ಮೆ ಸೀರೆ. ವಿಂಡೋಸ್ 95ರಿಂದ ಬಂದವರಿಗೆ ಪಾಲಿಸ್ಟರು!

ವಾರ ಕಳೆಯುವುದರೊಳಗೆ ತಲೆಯ ಮೇಲೆ ಕೈ ಹೊತ್ತು ಕೂತರು. ಬಂದ ಬ್ರೌಸರುಗಳೆಲ್ಲ ಒಂದೇ ಹೆಸರು ಹೇಳುತ್ತಿದ್ದವು! ಹೆಸರುವಾಸಿಯಾದ ಹಳೆಯ ಬ್ರೌಸರಿಗೆ ಎಲ್ಲ ಕಡೆ ಒಳ್ಳೆಯ ಪುಟ ಸಿಗುತ್ತದೆಂದು, ಆಮೇಲೆ ಹುಟ್ಟಿದ ಬ್ರೌಸರು ಮೊದಲು ಅದರ ಹೆಸರು ಹೇಳಿ, ತನ್ನ ನಿಜನಾಮವನ್ನು ಆವರಣ ಚಿಹ್ನೆಯೊಳಗೆ ಅಡಗಿಸಿಕೊಂಡು ಬರುತ್ತಿತ್ತು.

"ಗಂಡಿನ ಕಡೆಯೋರು ಅಂತ ಹೇಳ್ಕೊಂಡು ಮೊದಲ ಪಂಕ್ತೀಲಿ ಕೂತ್ಕೋತಾರಲ್ಲ, ಅದೇ ಜಾತಿ ಇದು!" ಭಾವ ಕೂಗಾಡಿದರು.

"ಎಬ್ಬಿಸಿ ಕಳಿಸ್ತೀರಾ ಭಾವ?"

"ಛೆ, ಊಟಕ್ಕೆ ಕೂತೋರನ್ನ ಎಬ್ಬಿಸ್ತಾರೇನೋ? ನಿಜ ಹೆಸರು ಹುಡುಕಿ ಬಡಿಸ್ತೀನಿ."

ಒಂದು ಬೆಳಿಗ್ಗೆ ಸರ್ವರಿನ ದಾಖಲೆಯಲ್ಲಿ ಹೊಸ ಹೆಸರು ಕಂಡಿತು. ಅದು ಅಕ್ಷರ ಮಾತ್ರ ತೋರಿಸುವ, ಚಿತ್ರವೇ ತೋರಿಸದ ಬ್ರೌಸರು. ಭಾವ ಹೊಟ್ಟೆ ಹಿಡಿದುಕೊಂಡು ನಕ್ಕರು. "ಚಿತ್ರ ಕಾಣ್ದಿದ್ರೆ ಸೀರೆ ಅಂಗಡೀಲಿ ಇವರಿಗೇನು ಕೆಲಸ? 'ನಿಮಗಿಲ್ಲಿ ಏನೂ ಇಲ್ಲ' ಅಂತ ಬರೆದು ಬಾಗಿಲಿಂದಾನೇ ಕಳಿಸೋ ಹಂಗೆ ಮಾಡಿದ್ದೆ. ಹೋಗವ್ರೆ!"

"ಕಣ್ಣು ಕಾಣದವರೂ ಅಂಥದ್ದು ಇಟ್ಕೊಂಡಿರ್ತಾರಂತೆ ಭಾವ. ಕಂಪ್ಯೂಟರು ಓದಿ ಹೇಳುತ್ತಂತೆ" ಎಂದೆ.

ಗೋಡೆಗೊರಗಿ ಕೂತಿದ್ದ ಭಾವನ ತಾಯಿ ತಲೆ ಎತ್ತಿದರು. ನಾವೆಲ್ಲ ಅಜ್ಜಿ ಎನ್ನುತ್ತಿದ್ದೆವು. ಜೀವಮಾನವಿಡೀ ಮಗ್ಗದ ಮುಂದೆ ಕೂತವರು, ದೃಷ್ಟಿ ಹೋಗಿ ಆರು ವರ್ಷವಾಗಿತ್ತು. ಆಗಿನಿಂದ ಸೀರೆಯ ವಿಷಯ ಅವರನ್ನು ಯಾರೂ ಕೇಳುತ್ತಿರಲಿಲ್ಲ.

"ನಂಗೂ ಕಾಣಲ್ವಲ್ಲೋ" ಎಂದರು. "ನನ್ನನ್ನೂ ಬಾಗಿಲಿಂದ ಕಳಿಸ್ತೀಯಾ?"

ಬಾಯಿಬಡುಕ ಭಾವ ಎದ್ದು ಒಂದು ಸೀರೆ ತಂದು ಅವರ ಮಡಿಲಲ್ಲಿಟ್ಟು, "ಹೆಂಗೈತೆ ಹೇಳಮ್ಮ, ಬರ್ಕೋತೀನಿ" ಎಂದರು.

"ಬಣ್ಣ ನೀನು ಹಾಕ್ಕೋ. ಒಡಲು ಎಳೇ ಬಾಳೆಲೆ ಹಂಗೆ ನುಣ್ಣಗೈತೆ. ಸೆರಗು ಭಾರ, ಹೆಗಲ ಮೇಲೆ ನಿದ್ದೆ ಹೋದ ಮಗು ಹಂಗೆ ಕೂತ್ಕೋತದೆ, ಜಾರಲ್ಲ."

ಹದಿನೈದು ದಿನ ಅಜ್ಜಿ ಸೀರೆಗಳನ್ನು ತಡವಿ ತಡವಿ ಹೇಳಿದರು. ಚಿತ್ರ ಕಾಣದವರಿಗೆಂದೇ ಬೇರೆ ಪುಟವಾಯಿತು. ಭಾವ ಅದನ್ನು ತಮ್ಮದೇ ಇಂಗ್ಲಿಷಿನಲ್ಲಿ ಬರೆದರು. ಅಜ್ಜಿಗೆ ಇಂಗ್ಲಿಷ್ ಬಾರದಿದ್ದುದು ಅವರ ಪುಣ್ಯ!

ಅಂದಿನಿಂದ ಅಜ್ಜಿಗೆ ಬೆಳಗಿನ ಕಾಫಿಯ ಜೊತೆ ಒಂದೇ ಪ್ರಶ್ನೆ. "ಆ ಕಾಣ್ದೋರು ಬಂದಿದ್ರೇನೋ?"

"ಬಂದಿದ್ರಮ್ಮ. ಪೂರ್ತಿ ಓದ್ಕೊಂಡು ಹೋದ್ರು."

ಅಜ್ಜಿಯ ಮುಖ ಅರಳುತ್ತಿತ್ತು. ಸುಳ್ಳು ಹೇಳಲು ಬಾರದ ಮಗ ಹೇಳಿದ ಮೇಲೆ ಅನುಮಾನವೆಲ್ಲಿ?

ಕೆಲವು ತಿಂಗಳಾದ ಮೇಲೆ ಭಾವ ಯಾವುದೋ ಮದುವೆಗೆಂದು ಹೊಸಕೋಟೆಗೆ ಹೋದರು. ಮನೆಯಲ್ಲಿ ನಾನಿದ್ದೆ. ಕಾಫಿ ಬಂತು, ಪ್ರಶ್ನೆಯೂ ಬಂತು. ಸರ್ವರಿನಿಂದ ದಾಖಲೆ ಇಳಿಸಿಕೊಂಡು, ಲೈನು ಕಡಿದು ನೋಡಿದೆ. ಅಂದು ಆ ಬ್ರೌಸರಿನವರು ಯಾರೂ ಬಂದಿರಲಿಲ್ಲ. ಹಿಂದಿನ ದಿನಗಳಲ್ಲಿ ಮಾತ್ರ, ಅಜ್ಜಿಯ ಕಾಫಿಗೆ ಸ್ವಲ್ಪ ಮೊದಲು, ದಿನಕ್ಕೊಂದೇ ಸಲ, ಒಂದು ದಿನವೂ ತಪ್ಪದೆ ಬಂದಿದ್ದರು. ಕಂಪ್ಯೂಟರಿನ ಪರದೆಯ ಮೂಲೆ ನೋಡಿದರೆ ಅಕ್ಷರ ಮಾತ್ರ ತೋರಿಸುವ ಅದೇ ಬ್ರೌಸರನ್ನು ಭಾವ ತಂದು ಹಾಕಿಕೊಂಡಿದ್ದರು.

ಮೊದಲ ದಿನ ವಾಪಸ್ಸು ಹೋದವರು ಮತ್ತೆ ಬಂದೇ ಇರಲಿಲ್ಲ. ತಾಯಿಗೆ ಸುಳ್ಳು ಹೇಳಲಾರದೆ, ಈ ಮನುಷ್ಯ ದಿನಾ ಬೆಳಿಗ್ಗೆ ತನ್ನ ಅಂಗಡಿಗೆ ತಾನೇ ಗಿರಾಕಿಯಾಗಿ ಹೋಗಿಬರುತ್ತಿದ್ದರು! ಉಪ್ಪಿಟ್ಟಿನ ದಿನದಿಂದ ಉಳಿದಿದ್ದ ನನ್ನ ಸಿಟ್ಟು ಅಲ್ಲೇ ಇಳಿದುಹೋಯಿತು.

"ಯಾಕಪ್ಪಾ, ಇವತ್ತು ಬರ್ಲಿಲ್ವಾ?" ಅಜ್ಜಿಯ ಕಾಫಿ ಆರುತ್ತಿತ್ತು.

"ಒಂದು ನಿಮಿಷ ಇರಿ ಅಜ್ಜಿ, ಬರ್ತಿದಾರೆ" ಎಂದು ಫೋನ್ ಲೈನಿಗೆ ಮತ್ತೆ ಕನೆಕ್ಷನ್ ಹಾಕಿದೆ. ಮೋಡೆಮ್ಮು ಕಿರುಚಿ ಸುಮ್ಮನಾಯಿತು. ಆ ಬ್ರೌಸರು ತೆರೆದು ಬಾಳೆಲೆಯಿಂದ ಹಿಡಿದು ಹೆಗಲ ಮೇಲಿನ ಮಗುವಿನವರೆಗೆ ಒಂದಕ್ಷರ ಬಿಡದೆ ಓದಿದೆ.

"ಬಂದಿದ್ರು ಅಜ್ಜಿ. ಪೂರ್ತಿ ಓದಿದ್ರು" ಎಂದೆ.