ಹುಳುಗಳ ಹಾಜರಿ

ನಮ್ಮಕ್ಕನ ತರಗತಿಯಲ್ಲಿ ಒಂದು ದಿನವೂ ಶಾಲೆ ತಪ್ಪಿಸದವರೆಂದರೆ ಹುಳುಗಳು ಮಾತ್ರ! ನಂಬುವುದಿಲ್ಲವೇ? ಬಸವಕಲ್ಯಾಣದಾಚೆ, ಮುಡಬಿ ಕಡೆಯ ಹಳ್ಳಿಯೊಂದರಲ್ಲಿ ಅವಳು ಎರಡನೇ ತರಗತಿಯ ಟೀಚರ್. ಪಾತರಗಿತ್ತಿ ಹುಟ್ಟುವುದನ್ನು ಮಕ್ಕಳಿಗೆ ತೋರಿಸಬೇಕೆಂದು ಸೊಳ್ಳೆಪರದೆ ಸುತ್ತಿದ ರಟ್ಟಿನ ಡಬ್ಬಿಯಲ್ಲಿ ಹನ್ನೊಂದು ಹಸಿರು ಹುಳು ಸಾಕಿದ್ದಳು. ಬೆಳಿಗ್ಗೆ, ಮಧ್ಯಾಹ್ನ ಅವಕ್ಕೂ ಹಾಜರಿ! "ಹುಳ ನಂಬರ್ ಒಂದು?" ಎಂದರೆ ಅದನ್ನು ನೋಡಿಕೊಳ್ಳುವ ಹುಡುಗಿ ಎದ್ದು, "ಹಾಜರ್ ರೀ, ತಿನ್ನಾಕತ್ತದ ರೀ!" ಎನ್ನಬೇಕು.

ಈ ವಿದ್ಯಾರ್ಥಿಗಳಿಗೆ ಊಟಕ್ಕೆ ಕರಿಬೇವೇ ಆಗಬೇಕು. ಮಕ್ಕಳು ಊರಿನ ಗಿಡಗಳನ್ನೆಲ್ಲ ಬೋಳಿಸಿದರು. ಕೊನೆಗೆ ಒಬ್ಬ ಅಜ್ಜಿ ಶಾಲೆಗೇ ಬಂದು, "ಟೀಚರ್, ನಮ್ಮ ಒಗ್ಗರಣಿಗೂ ನಾಕು ಎಲಿ ಬಿಡ್ರಿ!" ಎಂದು ಕೈಮುಗಿದಳಂತೆ.

ಆಗ ಅಕ್ಕನಿಗೆ ಹುಮನಾಬಾದಿನ ನನ್ನ ಹಿತ್ತಲು ನೆನಪಾಯಿತು. "ನಾಳಿ ಸೊಪ್ಪು ತಗೊಂಡ್ ಬಾ. ಹಿತ್ತಲದ್ದೇ ಬೇಕು. ಬಜಾರದ್ದಕ್ಕ ಔಷಧ ಹೊಡದಿರ್ತಾರ," ಎಂದು ಫೋನಿನಲ್ಲಿ ಮೂರು ಸಲ ಹೇಳಿದಳು. ನನಗೆ ಹೆಣ್ಣು ನೋಡುವಾಗಲೂ ಅವಳು ಇಷ್ಟು ಎಚ್ಚರ ವಹಿಸಿರಲಿಲ್ಲ!

ಮರುದಿನ ನಾನು ಏಳುವುದೇ ತಡವಾಯಿತು. ಬಸ್ ನಿಲ್ದಾಣದ ಬಳಿ ಕರಿಬೇವಿನ ಕಟ್ಟು ಕಂಡಿತು. ಹುಳಕ್ಕೇನು ಗೊತ್ತು, ಹಿತ್ತಲು ಯಾವುದು ಬಜಾರು ಯಾವುದು? ಕೊಂಡುಬಿಟ್ಟೆ.

"ಹಿತ್ತಲದ್ದೇ ಏನೋ?" ಎಂದಳು ಅಕ್ಕ.

"ಹೌದಕ್ಕ."

ಮಧ್ಯಾಹ್ನ ಊಟ ಮುಗಿದು ಹಾಜರಿ ಶುರುವಾಯಿತು. "ಹುಳ ನಂಬರ್ ಒಂದು?"

ಹುಡುಗಿ ಡಬ್ಬಿಯೊಳಗೆ ಬಗ್ಗಿ ನೋಡಿದಳು. "ಟೀಚರ್, ಏಳವಲ್ದು ರೀ."

ಎರಡನೆಯದೂ ಏಳಲಿಲ್ಲ, ಮೂರನೆಯದೂ ಏಳಲಿಲ್ಲ. ಅಕ್ಕ ಹನ್ನೊಂದನ್ನೂ ಕರೆದಳು. ನಾನು ಬಾಗಿಲಲ್ಲಿ ನಿಂತು ಕೇಳುತ್ತಿದ್ದೆ.

"ಯಾಕ ಸತ್ತಾವ್ರಿ?" ಎಂದು ಹುಡುಗಿ ಅಳತೊಡಗಿದಳು.

ಬೆಳಿಗ್ಗೆ ನಾನೇ ಬಿಚ್ಚಿ ಎಸೆದಿದ್ದ ಕಟ್ಟಿನ ರಬ್ಬರ್ ಬ್ಯಾಂಡ್ ಕಸದ ಬುಟ್ಟಿಯಲ್ಲಿ ಬಿದ್ದಿತ್ತು. ಅಕ್ಕ ಅದನ್ನು ನೋಡಿದಳು, ಆಮೇಲೆ ನನ್ನನ್ನು ನೋಡಿದಳು. ಹಿತ್ತಲ ಸೊಪ್ಪಿಗೆ ಯಾರಾದರೂ ರಬ್ಬರ್ ಬ್ಯಾಂಡ್ ಹಾಕುತ್ತಾರೆಯೇ?

"ತಪ್ಪು ನಂದೇ, ಮಕ್ಳೇ. ಬಜಾರದ ಸೊಪ್ಪು ನಾನೇ ತರಿಸಿದ್ದೆ," ಎಂದಳು.

ಸುಳ್ಳು ಹೇಳಬಾರದೆಂದು ನನಗೆ ಕಿವಿ ಹಿಂಡಿ ಕಲಿಸಿದವಳು! ನಾನು ಬಾಯಿ ತೆರೆಯಬೇಕಿತ್ತು. ತೆರೆಯಲಿಲ್ಲ. ನೆನೆದರೆ ಇಂದಿಗೂ ನಾಚಿಕೆಯಾಗುತ್ತದೆ.

ಹೊರಡುವಾಗ ಬೈಯುತ್ತಾಳೆಂದು ಕಾದೆ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಅವಳು ಬಸ್ಸಿನವರೆಗೂ ಬಂದು, "ಆ ಅಜ್ಜಿ ಗಿಡದಾಗ ಇನ್ನೂ ಪಾತರಗಿತ್ತಿ ತತ್ತಿ ಅದಾವಂತ, ಮಕ್ಳು ನೋಡ್ಯಾರ," ಎಂದಳು. ಬಸ್ಸು ಹೊರಟಾಗ ಕಿಟಕಿಯ ಕಂಬಿ ಹಿಡಿದು ನಾಲ್ಕು ಹೆಜ್ಜೆ ಜೊತೆಗೇ ನಡೆದಳು.

"ಬರೋ ವಾರ ಸೊಪ್ಪು ನೀನೇ ತರಬೇಕು ನೋಡಪಾ. ಬ್ಯಾರೆ ಯಾರನೂ ನಂಬಂಗಿಲ್ಲ ನಾ."