ಮಾವನವರ ಎಂಜಿನ್ನಿಗೆ ಸ್ನಾನ ಮಾಡಿಸಿದ್ದು

ಯಂತ್ರಗಳ ವಿಷಯದಲ್ಲಿ ನನಗೆ ಹುಟ್ಟಿನಿಂದಲೇ ಒಂದು ಪ್ರತಿಭೆ ಇದೆ ಎಂದು ಹೋದ ಭಾನುವಾರ ಬೆಳಿಗ್ಗೆ ಎಂಟು ಗಂಟೆಯವರೆಗೆ ದೃಢವಾಗಿ ನಂಬಿದ್ದೆ. ಎಂಟೂ ಕಾಲಿಗೆ ನಂಬಿಕೆ ಹೋಯಿತು. ಹನ್ನೆರಡಕ್ಕೆ ಹೆಂಡತಿಯೂ ಹೋಗುವವಳಿದ್ದಳು.

ಹೆಂಡತಿ ರೇಣುಕಾ ಒಂದು ತಿಂಗಳಿಂದ ಹುಮನಾಬಾದಿನ ತವರುಮನೆಯಲ್ಲಿದ್ದಳು. ತಪ್ಪು ನನ್ನದೇ. ಬಸವಕಲ್ಯಾಣದಲ್ಲಿ ನಾನು ಮಂದಿಯ ನಕಲು ಮಾಡುವುದಕ್ಕೆ ಹೆಸರಾದವನು. ಯಾರ ದನಿ, ಯಾರ ನಡಿಗೆ, ಯಾರ ಕೆಮ್ಮು ಬೇಕೋ ಹೇಳಿ, ನಿಂತಲ್ಲೇ ಮಾಡಿ ತೋರಿಸುತ್ತೇನೆ. ರೇಣುಕಾಳ ತವರಿನ ಒಂದು ತೊಟ್ಟಿಲು ಕಾರ್ಯಕ್ರಮದಲ್ಲಿ, ಊಟದ ಪಂಕ್ತಿಯ ನಡುವೆ ನಿಂತು, ತೀರಿಹೋದ ಮಾವನವರು ತಮ್ಮ ಹಳೇ ಕಾರನ್ನು ಹೇಗೆ ಕೈಮುಗಿದು ಬೇಡಿಕೊಂಡು ಚಾಲೂ ಮಾಡುತ್ತಿದ್ದರು ಎಂಬುದನ್ನು ಮಾಡಿ ತೋರಿಸಿದೆ. ಪಂಕ್ತಿಗೆ ಪಂಕ್ತಿಯೇ ನಕ್ಕಿತು. ರೇಣುಕಾ ನಗಲಿಲ್ಲ. ಅಂದಿನಿಂದ ನಮ್ಮ ಮನೆಯಲ್ಲಿ ನಾನು ಮತ್ತು ಮಾವನವರು ಬಿಟ್ಟುಹೋದ ಆ ಕಾರು, ಇಬ್ಬರೇ.

ಶನಿವಾರ ಅವಳ ಫೋನು ಬಂತು. "ನಾಳೆ ಹನ್ನೆರಡರ ಬಸ್ಸಿಗಿ ಅಣ್ಣನ ಕೂಡ ಹೈದರಾಬಾದಿಗಿ ಹೊಂಟೀನಿ. ಎಷ್ಟು ದಿನಾನೋ ಗೊತ್ತಿಲ್ಲ. ಅದರ ಒಳಗ ನೀವು ಅಪ್ಪನ ಗಾಡಿ ತಗೊಂಡು ಬಂದ್ರ ಅದರಾಗ ಕುಂತು ಮನಿಗಿ ಬರ್ತೀನಿ. ಬಸ್ಸಿಗಿ ಬಂದ್ರ, ಬಸ್ಸಿಗೇ ವಾಪಸ್ ಹೋಗ್ರಿ."

ಚೋಕ್ ಎಳೆದು ಚಾಲೂ ಮಾಡುವ ಕಾಲದ ಗಾಡಿ ಅದು. ಅವಳು ಕೂಡುವ ಗಾಡಿ ಸ್ವಚ್ಛ ಇರಲಿ ಎಂದು ಎದ್ದ ಕೂಡಲೇ ತೊಳೆದೆ. ಹೊರಗಷ್ಟೇ ತೊಳೆದರೆ ಅದೆಂಥ ಪ್ರೀತಿ? ಬಾನೆಟ್ ಎತ್ತಿ, ದೀಪಾವಳಿಗೆ ಬಂದ ಅಳಿಯನಿಗೆ ಎರೆಯುವಂತೆ ಎಂಜಿನ್ನಿನ ತಲೆಯ ಮೇಲಿಂದ ನಾಲ್ಕು ಬಕೀಟು ನೀರು ಎರೆದೆ. ಸೋಪೂ ಹಚ್ಚಿದೆ. ಕುಂಕುಮ ಇಟ್ಟು, ಊದುಬತ್ತಿ ಬೆಳಗಿ, ಭಕ್ತಿಯಿಂದ ಕೀಲಿ ತಿರುವಿದೆ.

ಕ್ರ್ರ್, ಕ್ರ್ರ್, ಕ್ರ್ರ್. ಅಷ್ಟೇ.

ದೂಡಿದರೆ ಚಾಲೂ ಆದೀತು. ಆದರೆ ದೂಡಲು ಒಬ್ಬ, ಒಳಗೆ ಕೂಡಲು ಒಬ್ಬ ಬೇಕು. ಎದುರುಮನೆಯ ಶಂಕರೆಪ್ಪ ಕಾಕಾನನ್ನು ಕರೆದೆ.

"ಕಾಕಾ, ಜರಾ ಗಾಡಿ ದೂಡ್ತೀರೇನ್ರಿ?"

"ಮೊನ್ನಿ ಚಾದಂಗಡ್ಯಾಗ ನನ್ನ ನಡಿಗಿ ಮಾಡಿ ತೋರ್ಸಿದ್ಯಂತಲ್ಲೋ ತಮ್ಮಾ. ಅದೇ ನಡಿಗ್ಯಾಗ ಬಂದು ದೂಡ್ಲೇನು?"

ಬಾಗಿಲು ಮುಚ್ಚಿತು. ಓಣಿಯ ಉಳಿದ ಬಾಗಿಲುಗಳ ಕಡೆ ನೋಡಿದೆ. ನಾನು ನಕಲು ಮಾಡದ ಮನುಷ್ಯ ಒಂದು ಮನೆಯಲ್ಲೂ ಉಳಿದಿರಲಿಲ್ಲ.

ಭಾನುವಾರ ಊರಿನ ಗ್ಯಾರೇಜೆಲ್ಲ ಬಂದ್. ಹುಮನಾಬಾದ್ ಹತ್ತಿರದ ಮಾಣಿಕನಗರದ ಮೆಕ್ಯಾನಿಕ್ ಮೆಹಬೂಬ್ ಚಾಚಾಗೆ ಫೋನು ಹಚ್ಚಿದೆ.

"ಎಂಜಿನ್ ಹಂತ್ಯಾಕ ಫೋನ್ ಹಿಡಿ ಬೇಟಾ. ಕೀಲಿ ತಿರುವು. ಆವಾಜ್ ಕೇಳಿ ಹೇಳ್ತೀನಿ."

ಸುಲಭದ ಮಾತು. ಆದರೆ ಎಂಜಿನ್ ಬಾನೆಟ್ಟಿನ ಕೆಳಗೆ, ಕೀಲಿ ಒಳಗೆ. ಸೋಪು ಹಚ್ಚಿದ ಎಂಜಿನ್ನಿನ ಮೇಲೆ ಫೋನು ನಿಲ್ಲಲೊಲ್ಲದು, ಹಿಡಿಯಲು ಮನೆಯಲ್ಲಿ ಎರಡನೇ ಕೈಗಳಿಲ್ಲ. ಕೊನೆಗೆ ಆ ಆವಾಜನ್ನು ನಾನೇ ಬಾಯಿಂದ ತೆಗೆದು ಕೇಳಿಸಿದೆ.

"ಪೆಟ್ರೋಲ್ ಬರಾಕತ್ತಿಲ್ಲ," ಎಂದರು ಚಾಚಾ. "ಚೋಕ್ ಪೂರಾ ಎಳಿ. ಎಕ್ಸಲೇಟರ್ ಒತ್ತಿ ಒತ್ತಿ ತಿರುವು."

ಎಳೆದೆ, ಒತ್ತಿದೆ, ಇಪ್ಪತ್ತು ಸಲ ತಿರುವಿದೆ. ಓಣಿ ತುಂಬ ಪೆಟ್ರೋಲ್ ವಾಸನೆ. ಮತ್ತೆ ಫೋನು, ಮತ್ತೆ ಬಾಯಿಂದ ಆವಾಜ್. ಈ ಸಲ ಕಲಾವಿದನ ಹುಮ್ಮಸ್ಸು ತಡೆಯಲಾಗದೆ ಕೊನೆಯಲ್ಲಿ ಒಂದು "ಡುರ್ರ್ರ್" ಸೇರಿಹೋಯಿತು.

"ಶಾಬಾಸ್, ಚಾಲೂ ಆತಲ್ಲ!" ಎಂದು ಚಾಚಾ ಫೋನಿಟ್ಟರು. ಆಮೇಲೆ ಎತ್ತಲೇ ಇಲ್ಲ.

ಹತ್ತೂವರೆಗೆ ರೇಣುಕಾ ಫೋನು.

"ಹೊಂಟೀರೇನು?"

"ಗಾಡಿ ಚಾಲೂ ಆಗವಲ್ದು."

"ನಾಟಕ ಮಾಡಬ್ಯಾಡ್ರಿ."

"ಖರೇನೇ ಹೇಳಾಕತ್ತೇನಿ."

"ಎಂಜಿನ್ ಮ್ಯಾಲ ನೀರು ಹಾಕೀರೇನು?"

ಬಕೀಟನ್ನು ಕಾಲಿನಿಂದ ಗಾಡಿಯ ಕೆಳಗೆ ದೂಡಿದೆ.

"ಎಷ್ಟು?"

"ನಾಕು ಬಕೀಟು."

"ಅಯ್ಯ ಶಿವನೇ. ಅಪ್ಪ ಮಳಿಗಾಲದಾಗ ಅದಕ್ಕ ಪ್ಲಾಸ್ಟಿಕ್ ಹೊಚ್ಚಿ ಇಡ್ತಿದ್ರು. ದಪ್ಪ ವೈರೆಲ್ಲ ಬಂದು ಕೂಡೂ ಕರೀ ಮುಚ್ಚಳ ಅದ ನೋಡ್ರಿ, ಅದನ್ನ ಬಿಚ್ಚಿ ಒಣಾ ಅರಬಿಲೆ ಒಳಗ ಒರಸ್ರಿ. ಲಗೂ ಮಾಡ್ರಿ."

ಬಿಚ್ಚಿದೆ. ಒಳಗೆ ತೀರ್ಥ ಹಂಚುವಷ್ಟು ನೀರು. ಒರೆಸಿದೆ. ಅಷ್ಟಕ್ಕೇ ಚಾಲೂ ಆಗಬೇಕಿತ್ತು. ಆದರೆ ಚಾಚಾ ನನ್ನ ಬಾಯಿ ನಂಬಿ ಕೊಟ್ಟ ಔಷಧ ಎಂಜಿನ್ನಿನ ಹೊಟ್ಟೆಯಲ್ಲಿ ತುಂಬಿತ್ತಲ್ಲ! ಪೆಟ್ರೋಲಿನಲ್ಲಿ ತೊಯ್ದ ಪ್ಲಗ್ಗುಗಳನ್ನೂ ಬಿಚ್ಚಿ, ಹಪ್ಪಳದ ಹಾಗೆ ಬಿಸಿಲಿಗಿಟ್ಟು, ಪಕ್ಕದಲ್ಲಿ ಕೂತು ಕಾದೆ. ತಿಂಗಳಿನಿಂದ ಮನೆಯಲ್ಲಿ ಸಂಜೆಗೆ ನಾನೇ ಹತ್ತು ಮಂದಿಯ ದನಿಯಲ್ಲಿ ಮಾತಾಡಿಕೊಂಡು ಹೊತ್ತು ಕಳೆದವನು. ಅಂದು ಯಾವ ದನಿಯೂ ಬಾಯಿಗೆ ಬರಲಿಲ್ಲ.

ಚಾಲೂ ಆದಾಗ ಹನ್ನೊಂದೂ ಮುಕ್ಕಾಲು. ಹುಮನಾಬಾದ್ ಮುಟ್ಟಿದಾಗ ಹನ್ನೆರಡೂವರೆ ದಾಟಿತ್ತು. ಅತ್ತೆಯವರು ಬಾಗಿಲಲ್ಲೇ ನಿಂತಿದ್ದರು.

"ಹತ್ತು ಮಿನಿಟ್ ಬಸ್ ತಡದು ನಿಂದರ್ಸಿದ್ಳು ನೋಡ್ರಿ. ಕಂಡಕ್ಟರ್ ಕಡಿಂದ ಬೈಸ್ಕೊಂಡ್ಳು. ಬರ್ರಿ, ಊಟ ಮಾಡ್ರಿ."

ವಾಪಸ್ ಬರುವಾಗ ಪಕ್ಕದ ಸೀಟಿನಲ್ಲಿ ಅವಳಿಗಾಗಿ ಹಾಸಿದ್ದ ಹೊಸ ಟವೆಲ್ ಒಂದೇ ಕೂತಿತ್ತು. ಅದಕ್ಕೆ "ತಪ್ಪಾತು" ಎಂದು ಹೇಳಿ ನೋಡಿದೆ. ಮೊದಲ ಸಲ ಅತ್ತೆಯವರ ದನಿಯಲ್ಲಿ ಬಂತು. ಎರಡನೇ ಸಲ ಶಂಕರೆಪ್ಪ ಕಾಕಾನ ದನಿಯಲ್ಲಿ. ಮೂರನೇ ಸಲ, ಶಿವಾ, ಮಾವನವರದು. ಗಾಡಿ ರಸ್ತೆ ಬದಿಗೆ ನಿಲ್ಲಿಸಿ, ಎಂಜಿನ್ ಬಂದ್ ಮಾಡುವ ಧೈರ್ಯವಿಲ್ಲದೆ ಹಾಗೇ ಬಿಟ್ಟು, ಅವಳಿಗೆ ಫೋನು ಹಚ್ಚಿದೆ.

"ತಪ್ಪಾತು," ಅಂದೆ.

ಆ ಕಡೆ ಬಸ್ಸಿನ ಗದ್ದಲ.

"ಇದು ಯಾರ ದನಿ?"

"ನಂದೇ."

"ಛಲೋ ಬಂದಿಲ್ಲ," ಅಂದಳು. "ರೂಢಿ ಮಾಡ್ರಿ. ಒಂದ್ ತಿಂಗಳು ಬಿಟ್ಟು ಕೇಳ್ತೀನಿ."

ಒಂದು ಕಪ್ ಚಹಾ ಮುಗಿಯುವಷ್ಟರಲ್ಲಿ ಯಾರ ದನಿಯನ್ನಾದರೂ ಹಿಡಿಯುವ ಮಹಾ ಪ್ರತಿಭಾವಂತನಿಗೆ, ತನ್ನದೇ ದನಿ ಕಲಿಯಲು ಒಂದು ತಿಂಗಳ ವಾಯಿದೆ ಸಿಕ್ಕಿದೆ.